ಕೊನೆಗೆ ಮಾತಾಡುತ್ತಿದ್ದ ಹಗಾ ಸಾನ್

ಹಗಾ ಸಾನ್ ಅವರ ಎಡಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್ ತುಂಡು ಇರುತ್ತಿತ್ತು. ನಾಲ್ಕು ಸೆಂಟಿಮೀಟರಿಗಿಂತ ಉದ್ದವಾದದ್ದನ್ನು ನಾನು ಅಲ್ಲಿ ಒಮ್ಮೆಯೂ ನೋಡಲಿಲ್ಲ. ಉದ್ದವಿದ್ದರೆ ಉಣ್ಣೆಯ ಟೋಪಿಗೆ ತೂತು ಬೀಳುತ್ತದೆಂದು ಹೊಸ ಪೆನ್ಸಿಲನ್ನು ತರಕಾರಿ ಚಾಕುವಿನಿಂದ ನಾಲ್ಕು ತುಂಡು ಮಾಡಿ ಇಟ್ಟುಕೊಳ್ಳುತ್ತಿದ್ದರು. ಪೆನ್ನನ್ನು ಅವರು ನಂಬುತ್ತಿರಲಿಲ್ಲ. “ಚಳಿ ಜಾಸ್ತಿಯಾದ ಕೂಡಲೇ ಮಾತು ನಿಲ್ಲಿಸಿಬಿಡತ್ತೆ. ಬೇಕಾದಾಗ ಮಾತಾಡದೇ ಇರೋದನ್ನ ಇಟ್ಕೊಂಡು ಏನು ಮಾಡೋದು?” ಎನ್ನುತ್ತಿದ್ದರು. ಅದನ್ನು ಹೇಳುವಾಗ ನನ್ನ ಕಡೆ ನೋಡುತ್ತಿದ್ದರೆಂದು ನನಗೆ ಅನುಮಾನ.

ನಾನು ಜಪಾನಿನ ಸೆಂಡಾಯ್‌ನ ವಿಶ್ವವಿದ್ಯಾಲಯದಲ್ಲಿ ಹಿಮದ ಪದರಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಚಳಿಗಾಲದಲ್ಲಿ ಹತ್ತು ದಿನಕ್ಕೊಮ್ಮೆ ರೈಲು, ಬಸ್ಸು ಹಿಡಿದು ಬೆಟ್ಟದ ಬುಡದ ಒಂದು ಹಳ್ಳಿಗೆ ಹೋಗಿ, ಹಿಮದಲ್ಲಿ ಗುಂಡಿ ತೋಡಿ, ಪದರಗಳನ್ನು ಅಳೆದು ಬರೆದುಕೊಂಡು ಬರುವುದು ನನ್ನ ಕೆಲಸ. ಯಾರೊಂದಿಗೂ ಮಾತಾಡಬೇಕಾಗಿಲ್ಲದ ಕೆಲಸವೆಂದೇ ಅದು ನನಗೆ ಇಷ್ಟವಾಗಿತ್ತು. ಹಗಾ ಸಾನ್ (‘ಸಾನ್’ ಅಂದರೆ ನಮ್ಮ ‘ಅವರು’ ಇದ್ದ ಹಾಗೆ) ಆ ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟದ ಅಡುಗೆ ಮಾಡಿ ನಿವೃತ್ತರಾದವರು. ವಯಸ್ಸು ಅರವತ್ತೊಂಬತ್ತು, ನನ್ನ ಭುಜದಷ್ಟು ಎತ್ತರ. ಬೆಟ್ಟಕ್ಕೆ ಹೋದವರು ಹೇಳಿದ ಹೊತ್ತಿಗೆ ಮರಳದಿದ್ದರೆ ಪೊಲೀಸರಿಗೂ ಅಗ್ನಿಶಾಮಕದವರಿಗೂ ನೆರವಾಗಲು ಹೋಗುವ ಹನ್ನೆರಡು ಜನ ಊರಿನ ಸ್ವಯಂಸೇವಕರಿಗೆ ಅವರೇ ಮುಖ್ಯಸ್ಥೆ.

ಒಂದು ದಿನ ನಾನು ಗುಂಡಿಯೊಳಗೆ ನಿಂತು ಭೂತಗನ್ನಡಿಯಲ್ಲಿ ಹಿಮದ ಹರಳು ನೋಡುತ್ತಿದ್ದಾಗ ಮೇಲಿನಿಂದ ಒಂದು ಮುಖ ಬಗ್ಗಿತು.

“ಸುಮಿಮಾಸೆನ್, ಕ್ಷಮಿಸಿ. ಬಾವಿ ತೋಡ್ತಿದ್ದೀರಾ?”

ವಿವರಿಸಿದೆ. ಹಗಾ ಸಾನ್ ಇಳಿದು ಬಂದು ಭೂತಗನ್ನಡಿಯನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದರು. “ಇದು ನೆನೆಯದ ಅಕ್ಕಿ. ಒಂದಕ್ಕೊಂದು ಅಂಟಲ್ಲ. ಇದರ ಮೇಲೆ ಭಾರ ಹೇರಿದ್ರೆ ಜಾರತ್ತೆ, ಅಲ್ವಾ?” ನಾನು ಎರಡು ವರ್ಷ ಓದಿ ತಿಳಿದದ್ದು ಅಷ್ಟೇ. “ಶನಿವಾರ ಬನ್ನಿ. ನಮ್ಮಲ್ಲಿ ಹಿಮದ ಮೇಲೆ ನಡೆಯೋರು ಹನ್ನೆರಡು ಜನ ಇದ್ದಾರೆ. ಒಳಗೆ ನೋಡೋರು ಒಬ್ಬರೂ ಇಲ್ಲ.” ಅವರದು ಉತ್ತರದ ಹಳ್ಳಿಯ ಜಪಾನಿ ಭಾಷೆ, ನನ್ನದು ಪಠ್ಯಪುಸ್ತಕದ್ದು. ಹಾಗಿದ್ದರೂ ಅವರ ಮಾತುಗಳೆಲ್ಲ ನನ್ನ ನೆನಪಿನಲ್ಲಿ ಕನ್ನಡವಾಗಿಯೇ ಉಳಿದಿವೆ.

ಮೈಸೂರಿನಿಂದ ಅಮ್ಮ ಫೋನಿನಲ್ಲಿ, “ಫ್ರಿಜ್‌ನಲ್ಲಿಟ್ಟ ನೀರು ಕುಡಿದ್ರೆ ಮೂರು ದಿನ ಸೀನ್ತಿದ್ದೋಳು, ಈಗ ಹಿಮದಲ್ಲಿ ಜನಾನ ಹುಡುಕ್ತೀಯಾ? ಮೊದಲು ಸ್ವೆಟರ್ ಹಾಕ್ಕೋ” ಎಂದರು.

ಶನಿವಾರದ ತರಬೇತಿಯನ್ನು ನಾನು ಮರೆಯುವಂತಿಲ್ಲ. ಹಿಮಕುಸಿತದಲ್ಲಿ ಹೂತುಹೋದವರನ್ನು ಹುಡುಕಲು ಎಲ್ಲರೂ ಭುಜಕ್ಕೆ ಭುಜ ತಾಗುವಂತೆ ಸಾಲಾಗಿ ನಿಲ್ಲುತ್ತಾರೆ. ಕೈಯಲ್ಲಿ ಮೂರು ಮೀಟರ್ ಉದ್ದದ ತೆಳ್ಳನೆಯ ಕೋಲು. ಮುಖ್ಯಸ್ಥರು ಕೂಗಿದಂತೆ ಎಡಕ್ಕೆ, ನಡುವೆ, ಬಲಕ್ಕೆ ಚುಚ್ಚಿ ಒಂದು ಹೆಜ್ಜೆ ಮುಂದಿಡಬೇಕು. ಕೋಲಿನ ತುದಿಗೆ ನೆಲ ತಗುಲಿದರೆ ಗಡಸು, ಮನುಷ್ಯರು ತಗುಲಿದರೆ ಒಂದು ಬಗೆಯ ಮೆತ್ತನೆಯ ಪುಟಿತ. ತಗುಲಿದವರು ಕೋಲನ್ನು ಅಲ್ಲಿಯೇ ಬಿಟ್ಟು ಕೂಗಬೇಕು. ಹುಡುಕಲೆಂದು ಹಗಾ ಸಾನ್ ಒಂದು ಹಾಸಿಗೆಯ ಸುರುಳಿಯನ್ನು ಎಲ್ಲೋ ಹೂತಿದ್ದರು.

ನನ್ನ ಕೋಲು ಮೆತ್ತಗೆ ಪುಟಿಯಿತು. ಕೂಗಲು ನನಗೆ ಸಂಕೋಚ. “ಬಹುಶಃ... ಇಲ್ಲಿ... ಏನೋ ಇರಬಹುದು,” ಎಂದೆ.

“ಹೂತುಹೋಗಿರೋರಿಗೆ ಕೇಳಿಸ್ಬೇಕು!” ಎಂದರು ಹಗಾ ಸಾನ್.

“ಇದೆ!” ಎಂದು ಕಿರುಚಿದೆ. ಹನ್ನೆರಡು ಸಲಿಕೆಗಳು ಒಟ್ಟಿಗೆ ಬಿದ್ದವು. ಬೆವರು ಸುರಿಸಿ ಒಂದೂವರೆ ಮೀಟರ್ ತೋಡಿದ ಮೇಲೆ ಹೊರಬಂದದ್ದು ಎಲೆಕೋಸು. ಒಂದಲ್ಲ, ಸಾಲಾಗಿ ಮಲಗಿಸಿದ ಮೂವತ್ತೈದು. ಆ ಕಡೆ ಶರತ್ಕಾಲದಲ್ಲಿ ಕಿತ್ತ ಕೋಸನ್ನು ಹೊಲದಲ್ಲಿಯೇ ಬಿಟ್ಟು ಹಿಮದಡಿ ಕಾಪಿಡುವ ರೂಢಿಯಿದೆ, ಸಿಹಿಯಾಗುತ್ತದಂತೆ. ನಾವು ಯಾರದೋ ಉಗ್ರಾಣವನ್ನು ಅಗೆದಿದ್ದೆವು. ಹಗಾ ಸಾನ್ ಮಂಡಿಯೂರಿ ಒಂದು ಕೋಸಿಗೆ ಕಿವಿಗೊಟ್ಟರು. “ಉಸಿರಾಟ ಸರಿಯಾಗಿದೆ,” ಎಂದು ಘೋಷಿಸಿ, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಪುಸ್ತಕದಲ್ಲಿ ಗಂಭೀರವಾಗಿ ಬರೆದುಕೊಂಡರು. ಹೊಲದ ಯಜಮಾನರಿಗೆ ನಾವೆಲ್ಲರೂ ಸಾಲಾಗಿ ನಿಂತು ಬಗ್ಗಿ ಕ್ಷಮೆ ಕೇಳಿದೆವು. ಅವರು ನಾಲ್ಕು ಕೋಸು ಕೊಟ್ಟು ಕಳಿಸಿದರು. ಹಾಸಿಗೆಯ ಸುರುಳಿ ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ಸಿಕ್ಕಿತು.

ನಡೆಯುವಾಗ ಹಗಾ ಸಾನ್ ಎಲ್ಲರಿಗಿಂತ ಮುಂದೆ. ಅವರ ಬಲಮಂಡಿ ನೋಯುತ್ತಿತ್ತು. ಎಲ್ಲರಿಗಿಂತ ನಿಧಾನದವರೇ ಮುಂದಿರಬೇಕೆಂಬುದು ಅವರ ಕಟ್ಟಳೆ. ಮಾತಾಡುವಾಗ ಮಾತ್ರ ಎಲ್ಲರಿಗಿಂತ ಕೊನೆ. ಹಿರಿಯರು ಬಾಯಿಬಿಟ್ಟ ಮೇಲೆ ಕಿರಿಯರು ತಲೆಯಾಡಿಸುವುದು ಆ ದೇಶದಲ್ಲೂ ನಮ್ಮ ಮನೆಗಳಲ್ಲೂ ಒಂದೇ. ಹಗಾ ಸಾನ್ ಅದನ್ನು ತಲೆಕೆಳಗು ಮಾಡಿದ್ದರು. ತಂಡಕ್ಕೆ ಹೊಸದಾಗಿ ಸೇರಿದವರು ಮೊದಲು ಹೇಳಬೇಕು, ಆಮೇಲೆ ಅವರಿಗಿಂತ ಹಳಬರು, ಎಲ್ಲರಿಗಿಂತ ಕೊನೆಗೆ ತಾವು. ಯಾರಾದರೂ ಒಬ್ಬರು ‘ಬೇಡ’ ಎಂದರೆ ಆ ದಾರಿ ಅಲ್ಲಿಗೆ ಮುಗಿಯಿತು. ವಾದವಿಲ್ಲ. “ನಾನು ಮೊದಲು ಬಾಯಿ ಬಿಟ್ರೆ ನನಗೆ ನನ್ನದೇ ಮಾತು ಹನ್ನೆರಡು ಸಲ ಕೇಳಿಸತ್ತೆ. ಅದಕ್ಕೆ ಇಷ್ಟು ಜನ ಯಾಕೆ ಬೇಕು?” ಎನ್ನುತ್ತಿದ್ದರು.

ಮರುವರ್ಷದ ಫೆಬ್ರುವರಿಯಲ್ಲಿ ಬೆಟ್ಟದ ಹಿಂಬದಿಗೆ ಸ್ಕೀ ಮಾಡಲು ಹೋದ ಇಬ್ಬರು ಗೆಳೆಯರು ಬರಲಿಲ್ಲ. ಹೋಗುವಾಗ ಚೀಟಿಯಲ್ಲಿ ಸಂಜೆ ನಾಲ್ಕಕ್ಕೆ ಮರಳುವುದಾಗಿ ಬರೆದಿದ್ದರು. ನಾನು ಮಾಪನಕ್ಕೆಂದು ಹಳ್ಳಿಯಲ್ಲಿಯೇ ಇದ್ದೆ. ಬೆಳಿಗ್ಗೆ ಊರಿನ ಸಭಾಭವನದಲ್ಲಿ ಸೇರಿದೆವು. ಪಶ್ಚಿಮದ ಕಣಿವೆಗೆ ಪೊಲೀಸರ ತಂಡ ಹೋಗಿತ್ತು. ಪೂರ್ವದ ಕಡೆ ನಮ್ಮದು. ಅಲ್ಲಿಗೆ ಎರಡು ದಾರಿ. ಇಳಿಜಾರುಗಳ ನಡುವಿನ ಕೊರಕಲಿನಲ್ಲಿ ಹೋದರೆ ಒಂದು ಗಂಟೆ, ಬೆಟ್ಟದ ಬೆನ್ನಿನಂಥ ಏಣಿನ ಮೇಲೆ ಸುತ್ತಿದರೆ ಮೂರು. ಬಾಗಿಲ ಬಳಿ ಇಬ್ಬರಲ್ಲಿ ಒಬ್ಬರ ಹೆಂಡತಿ ನಿಂತಿದ್ದರು. ಕೈಯಲ್ಲಿ ಗಂಡನ ಇನ್ನೊಂದು ಜೊತೆ ಕೈಗವಸು.

ತಂಡದಲ್ಲಿ ಆಗಲೂ ನಾನೇ ಹೊಸಬಳು. ಎರಡು ದಿನದ ಹಿಂದೆ ನನ್ನ ಗುಂಡಿಯಲ್ಲಿ ಆ ನೆನೆಯದ ಅಕ್ಕಿಯ ಪದರ ಮತ್ತೆ ಕಂಡಿತ್ತು. ಅದರ ಮೇಲೆ ಈಗ ಅರವತ್ತು ಸೆಂಟಿಮೀಟರ್ ಹೊಸ ಹಿಮ. ಆದರೆ ಗುಂಡಿ ತೋಡಿದ್ದು ಕೊರಕಲಿನಲ್ಲಲ್ಲ, ಬೇರೆ ಇಳಿಜಾರಿನಲ್ಲಿ. ಕೊರಕಲಿನಲ್ಲೂ ಹಾಗೆಯೇ ಇದೆಯೆಂದು ನನಗೆ ಖಚಿತವಿರಲಿಲ್ಲ. ಖಚಿತವಿಲ್ಲದ್ದನ್ನು ಹೇಳುವ ಅಭ್ಯಾಸ ನನಗಿಲ್ಲ. ಎರಡು ಗಂಟೆಯಲ್ಲಿ ಹಿಮದಲ್ಲಿ ಒಂದು ಜೀವ ಹೋಗಬಹುದು. ಎಲ್ಲರೂ ನನ್ನನ್ನು ನೋಡುತ್ತಿದ್ದರು.

“ಕೊರಕಲು ಬೇಡ,” ಎಂದೆ.

ಸ್ಕೀ ಲಿಫ್ಟ್ ರಿಪೇರಿ ಮಾಡುವ ಓನೋ ಸಾನ್ ಬೆನ್ನಚೀಲ ಹಾಕಿಕೊಂಡು ಆಗಲೇ ಎದ್ದು ನಿಂತಿದ್ದರು. “ನಾನು ಮೂಗು ಸುರಿಸೋ ವಯಸ್ಸಿಂದ ಅಲ್ಲಿ ಓಡಾಡ್ತಿದ್ದೀನಿ. ಅದು ಒಂದು ಸಲವೂ...”

“ಓನೋ ಸಾನ್,” ಎಂದರು ಹಗಾ ಸಾನ್. “‘ಬೇಡ’ ಬಂತು. ಏಣಿನ ಮೇಲೆ ಹೋಗೋಣ.”

“ಅದಕ್ಕೆ ಎಷ್ಟು ಹೊತ್ತು ಹೆಚ್ಚು ಬೇಕು?” ಆ ಹೆಂಗಸು ನನ್ನನ್ನೇ ಕೇಳಿದರು.

“ಎರಡು ಗಂಟೆ.”

ಅವರು ಬಗ್ಗಿ ನಮಸ್ಕರಿಸಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಮೂರು ಗಂಟೆ ಹಗಾ ಸಾನ್ ಅವರ ಬೆನ್ನು ನೋಡುತ್ತಾ ನಡೆದೆ. ಅವರು ಹೆಜ್ಜೆ ಚುರುಕು ಮಾಡಲೂ ಇಲ್ಲ, ನನ್ನನ್ನು ಸಮಾಧಾನಪಡಿಸಲೂ ಇಲ್ಲ. ಏಣು ಮುಗಿಯುವಲ್ಲಿ ಮುಂದಿದ್ದ ಅವರೇ ಕೈಯೆತ್ತಿ ನಿಂತರು. ಹಿಮದಲ್ಲಿ ಒಂದು ಸ್ಕೀ ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ತೋಡಿಕೊಂಡ ಬಿಲದೊಳಗೆ ಇಬ್ಬರೂ ಇದ್ದರು. ಒಬ್ಬರ ಕಣಕಾಲು ಮುರಿದಿತ್ತು. ಕೊರಕಲಿನ ತಲೆಯವರೆಗೆ ಹೋಗಿ, ಭಯವಾಗಿ, ಏಣಿನ ಮೇಲೆ ಹಿಂದಿರುಗುವಾಗ ಏನೂ ಕಾಣದ ಹಿಮದಲ್ಲಿ ಬಿದ್ದಿದ್ದರು. ಕಾಲು ಮುರಿದವರು ಮಲಗಿದಲ್ಲಿಂದಲೇ ನಮ್ಮೊಬ್ಬೊಬ್ಬರಿಗೂ “ಸುಮಿಮಾಸೆನ್, ಸುಮಿಮಾಸೆನ್” ಎನ್ನತೊಡಗಿದರು. ಆರನೆಯವರ ಸರದಿ ಬಂದಾಗ ಹಗಾ ಸಾನ್ ತಡೆದರು. “ಕ್ಷಮೆ ಕೇಳೋಕೂ ಮೈಯಲ್ಲಿ ಶಾಖ ಬೇಕು. ಮಿಸೋ ಸಾರು ಕುಡೀರಿ. ಉಳಿದೋರ ಹತ್ರ ಬೇಸಿಗೆಯಲ್ಲಿ ಬಂದು ಕೇಳಿ.”

ಇಳಿಯುವಾಗ ಅವರ ಮಂಡಿ ಪೂರ್ತಿ ಕೈಕೊಟ್ಟಿತು. ಕೊನೆಯ ಇಳಿಜಾರನ್ನು ಅವರು ಕುಳಿತುಕೊಂಡೇ ಜಾರಿದರು, ನಗುತ್ತಾ, ಎರಡು ಕಾಲುಗಳನ್ನೂ ಮುಂದಕ್ಕೆ ಚಾಚಿ. “ನನ್ನದು ಇಲ್ಲಿಗೆ ಮುಗೀತು. ಇನ್ನು ಮೇಲೆ ಹತ್ತೋದಿಲ್ಲ,” ಎಂದರು, ಪ್ಯಾಂಟಿನ ಹಿಮ ಕೊಡವಿಕೊಳ್ಳುತ್ತಾ. ಮಾರ್ಚ್‌ನಲ್ಲಿ ನಾನು ಪ್ರಬಂಧ ಬರೆಯುತ್ತಾ ಸೆಂಡಾಯ್‌ನಲ್ಲಿದ್ದಾಗ ಕೋಬೆ ನಗರದಲ್ಲಿರುವ ಮಗಳ ಮನೆಗೆ ಹೊರಟುಹೋದರು. ಆಮೇಲೆ ಒಂದು ಕಾರ್ಡು ಬಂತು: ಬಂದರು ಚೆನ್ನಾಗಿದೆ, ಇಲ್ಲಿ ಹಿಮ ನಿಲ್ಲುವುದಿಲ್ಲ, ಕೋಸಿಗೆ ರುಚಿಯಿಲ್ಲ. ಅವರು ಬಿಟ್ಟ ಮೇಲೆ ತಂಡದ ಸಭೆಗಳು ಬೇಗ ಮುಗಿಯುತ್ತವೆ. ಕೊನೆಯವರಿಗಾಗಿ ಕಾಯುವಷ್ಟು ತಾಳ್ಮೆ ಈಗಿನ ಮುಖ್ಯಸ್ಥ ಓನೋ ಸಾನ್‌ಗಿಲ್ಲ.

ನಾನೂ ಹಗಾ ಸಾನ್ ಅವರೂ ಎದುರೆದುರು ಮಾತಾಡಿದ್ದು, ಆ ಇಬ್ಬರು ಸಿಕ್ಕ ದಿನ ಮಧ್ಯಾಹ್ನ ಸಭಾಭವನದ ಮುಂದೆ, ಅದೇ ಕೊನೆ. ಆಂಬುಲೆನ್ಸ್ ಹೋಗಿತ್ತು. ಆ ಹೆಂಗಸು ಹೊರಡುವ ಮುನ್ನ ನನ್ನ ಎರಡೂ ಕೈ ಹಿಡಿದು, “ಬೆಳಿಗ್ಗೆ ನಿಮ್ಮ ಮೇಲೆ ತುಂಬಾ ಕೋಪ ಬಂದಿತ್ತು,” ಎಂದಿದ್ದರು. 

“ಏಣಿನ ಮೇಲೆ ಹೋಗಿದ್ದಕ್ಕೆ ಅವರು ಸಿಕ್ಕರು,” ಎಂದೆ ಹಗಾ ಸಾನ್‌ಗೆ. ಹೊಗಳಲಿ ಎಂಬ ಆಸೆ ಇತ್ತೆಂದು ಒಪ್ಪಿಕೊಳ್ಳಬೇಕು.

“ಅದು ಅದೃಷ್ಟ. ಅದನ್ನ ನಿಮ್ಮ ಹೆಸರಿಗೆ ಬರ್ಕೋಬೇಡಿ. ಅವರು ಸಿಗದೇ ಇದ್ದಿದ್ರೂ ನಿಮ್ಮ ‘ಬೇಡ’ ಅಷ್ಟೇ ಸರಿ ಇರ್ತಿತ್ತು.”

“ಆದರೆ ಕೊರಕಲು ಇನ್ನೂ ಹಾಗೇ ಇದೆ. ಜಾರಿಲ್ಲ. ಆ ಪದರ ಅಲ್ಲಿ ಇಲ್ಲದೇ ಇರಬಹುದು. ನಾನು ಸುಮ್ಮನೆ ಹೆದರಿರಬಹುದು.”

“ಇರಬಹುದು. ನೋಡೋಕೆ ಹೋಗಬೇಡಿ, ಮೇಘನಾ ಸಾನ್. ಇವತ್ತು ಹೇಳಿದ್ದು ಸರಿಯೋ ತಪ್ಪೋ ಅಂತ ಅಳೆಯೋಕೆ ಶುರು ಮಾಡಿದ್ರೆ, ಮುಂದಿನ ಸಲ ಬಾಯಿ ತೆರೆಯೋ ಮೊದಲು ಲೆಕ್ಕ ಹಾಕ್ತೀರಿ. ಹೋಗಿ ನಿದ್ದೆ ಮಾಡಿ.” ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು, ಕುಂಟುತ್ತಾ, ಕಾರಿನ ಕಡೆ ಹೋದರು. ಅವರು ಹೇಳಿದ್ದೆಲ್ಲ ಸರಿಯೆಂದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ಸಲಿಕೆ ಹಿಡಿದು ಕೊರಕಲಿನ ಬಾಯಿಯ ಪಕ್ಕದ ಮರಗಳ ನಡುವಿನ ಸಣ್ಣ ಇಳಿಜಾರಿಗೆ ಹೋದೆ. ಅಪಾಯವಿಲ್ಲದ ಜಾಗ, ಮುಖ ಮಾಡಿರುವ ದಿಕ್ಕು ಕೊರಕಲಿನದೇ. ಅಲ್ಲಿ ಓನೋ ಸಾನ್ ಆಗಲೇ ಸೊಂಟದವರೆಗೆ ತೋಡಿಕೊಂಡು ನಿಂತಿದ್ದರು.

“ವ್ಯಾಯಾಮ,” ಎಂದರು ಅವರು, ನಾನೇನೂ ಕೇಳದಿದ್ದರೂ.

“ನಾನೂ,” ಎಂದೆ.

ಪದರ ಎಷ್ಟು ಸಡಿಲವೆಂದು ಪರೀಕ್ಷಿಸಲು ಗುಂಡಿಯ ಗೋಡೆಯಲ್ಲಿ ಹಿಮದ ಒಂದು ಕಂಬ ಕಡಿದು, ಅದರ ತಲೆಯ ಮೇಲೆ ಸಲಿಕೆ ಇಟ್ಟು ತಟ್ಟಿದೆ. ಓನೋ ಸಾನ್ ಎಣಿಸಿದರು. ಹನ್ನೆರಡನೆಯ ಏಟಿಗೆ ಮೇಲಿನ ಅರವತ್ತು ಸೆಂಟಿಮೀಟರ್ ಆ ನೆನೆಯದ ಅಕ್ಕಿಯ ಪದರದ ಮೇಲಿಂದ ಒಂದೇ ತುಂಡಾಗಿ ಜಾರಿ ನಮ್ಮಿಬ್ಬರ ಮಂಡಿಗಳ ಮೇಲೆ ಬಂದು ಕೂತಿತು. ಓನೋ ಸಾನ್ ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ಇಬ್ಬರೂ ಸೇರಿ ಗುಂಡಿ ಮುಚ್ಚಿದೆವು. ಹಗಾ ಸಾನ್ ಆ ಕಡೆ ಬಂದರೂ ತಿಳಿಯದ ಹಾಗೆ ಹಿಮವನ್ನು ಸಲಿಕೆಯ ಬೆನ್ನಿನಿಂದ ಸಮ ಮಾಡಿದೆವು.