ಬಿಸಿಲಲ್ಲಿ ಹಾಕಿಕೊಳ್ಳುವ ಜಾಕೆಟ್

ಬೈಕು ಮಾರುವುದೆಂದು ನಾನು ತೀರ್ಮಾನಿಸಿ ಆಗಿತ್ತು. ಕೋಲ್ಕತ್ತದ ನ್ಯೂ ಟೌನಿನಲ್ಲಿ ನಮ್ಮದೇ ಕಟ್ಟಡದ ಮೇಲಿನ ಮಹಡಿಯವರೊಬ್ಬರು ಕೊಳ್ಳುತ್ತೇನೆಂದಿದ್ದರು. ಭಾನುವಾರ ಬಂದು ಕೀಲಿ ತೆಗೆದುಕೊಂಡು ಹೋಗುವುದೆಂದು ಮಾತಾಗಿತ್ತು. ಶನಿವಾರ ಬೆಳಿಗ್ಗೆ ಹೆಂಡತಿ ಚಹಾ ತಂದು ನನ್ನ ಮುಂದಿಟ್ಟು, "ಎಸ್ಪ್ಲನೇಡ್ ಪ್ಯಾಟಿಗೆ ಹೋಗೋಣು ನಡೀರಿ. ಜಾಕೆಟ್ ತಗೊಳ್ಳೋದದ," ಎಂದಳು.

"ಯಾವ ಜಾಕೆಟ್?"

"ಬೈಕ್ ಮ್ಯಾಲ ಹಾಕ್ಕೊಳ್ಳೋದು. ಬ್ಯಾಸಿಗಿಂದು."

"ನಾಳೆ ಬೈಕೇ ಇರೂದಿಲ್ಲಲ್ಲ."

"ನಾಳಿದು ನಾಳೆ. ಇವತ್ತಂತೂ ಅದ."

ನಾನು ವಾದಿಸಲಿಲ್ಲ. ವಾದ ಮಾಡಬೇಕಾದರೆ ಹೀಗೇ ಆಗಬೇಕು ಎಂಬ ಆಸೆಯೊಂದು ಒಳಗೆ ಇರಬೇಕಾಗುತ್ತದೆ. ನನ್ನಲ್ಲಿ ಆಗ ಅಂಥದ್ದೇನೂ ಇರಲಿಲ್ಲ. ಬೈಕು ಮಾರುವುದೂ ಆಸೆಯಲ್ಲ, ಕೆಳಗೆ ಧೂಳು ಹಿಡಿಯುತ್ತಿದ್ದುದನ್ನು ದಿನಾ ನೋಡುವ ಕೆಲಸವೊಂದು ತಪ್ಪುತ್ತಿತ್ತು, ಅಷ್ಟೆ.

ಹಿಂದಿನ ವರ್ಷದ ಬೇಸಿಗೆಯಲ್ಲಿ ದಕ್ಷಿಣೇಶ್ವರದ ಕಾಳಿ ಗುಡಿಗೆ ಹೋಗಿ ಬರುವಾಗ ನಾವಿಬ್ಬರೂ ಬೈಕಿನಿಂದ ಬಿದ್ದೆವು. ನಿಂತಿದ್ದ ಹಳದಿ ಟ್ಯಾಕ್ಸಿಯ ಬಾಗಿಲು ತೆರೆಯಿತು, ನಾನು ಬ್ರೇಕು ಹಾಕಿದೆ, ಗಾಡಿ ಅಡ್ಡ ಮಲಗಿತು. ವೇಗವೇನೂ ಇರಲಿಲ್ಲ. ಟ್ಯಾಕ್ಸಿಯವನೇ ಅದೇ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದೊಯ್ದ, ದಾರಿಯುದ್ದಕ್ಕೂ ನಮಗಿಂತ ಹೆಚ್ಚು ಅವನೇ ಅತ್ತ. ಹೆಂಡತಿ ತೆಳು ಹತ್ತಿಯ ಕುರ್ತಾ ಹಾಕಿದ್ದಳು. ಎಡ ಭುಜದಿಂದ ಮೊಣಕೈವರೆಗಿನ ಚರ್ಮ ರಸ್ತೆಯಲ್ಲೇ ಉಳಿಯಿತು. ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಿದರು. ನನಗೆ ಒಂದಿಷ್ಟು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಆಮೇಲೂ ನನಗೆ ಏನೂ ಆಗಲಿಲ್ಲ. ಅವಳು ಬ್ಯಾಂಡೇಜು ಬಿಚ್ಚಿಸಿಕೊಳ್ಳುವಾಗ ತುಟಿ ಕಚ್ಚಿ ಅಳುತ್ತಿದ್ದಳು, ನಾನು ಪಕ್ಕದಲ್ಲಿ ಅವಳ ಕೈಚೀಲ ಹಿಡಿದು ನಿಂತು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ. ದುರ್ಗಾಪೂಜೆ ಬಂತು, ಬೀದಿಯೆಲ್ಲ ದೀಪ, ಢಾಕ್ ಡೋಲಿನ ಸದ್ದು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಅದೂ ಸುರಿದು ಹೋಯಿತು. ಆಫೀಸಿನಲ್ಲಿ ನನ್ನನ್ನು ಬಹಳ ಶಾಂತ ಮನುಷ್ಯ ಎಂದು ಹೊಗಳತೊಡಗಿದರು. ಊರಿನಿಂದ ಅವ್ವ ಫೋನು ಮಾಡಿ ಹೇಗಿದ್ದೀಯೆಂದು ಕೇಳಿದರೆ "ಆರಾಮ" ಎನ್ನುತ್ತಿದ್ದೆ. ಸುಳ್ಳೂ ಆಗಿರಲಿಲ್ಲ.

ಕ್ಯಾಬಿನಲ್ಲಿ ಎಸ್ಪ್ಲನೇಡಿಗೆ ಹೋಗಿ ಇಳಿದಾಗ ಮಧ್ಯಾಹ್ನದ ಬಿಸಿಲು. ನಾವಿಬ್ಬರೂ ರಾಯಚೂರು ಕಡೆಯವರು. ನಮಗೆ ಬಿಸಿಲಿನ ಬಗ್ಗೆ ಯಾರಾದರೂ ಹೇಳಲು ಬಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ನಮ್ಮಲ್ಲಿ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ. ಆದರೆ ನಮ್ಮ ಬಿಸಿಲು ಒಣ ಬಿಸಿಲು. ಟವೆಲ್ ನೆನೆಸಿ ತಲೆಗೂ ಕುತ್ತಿಗೆಗೂ ಸುತ್ತಿಕೊಂಡು ಗಾಡಿ ಹತ್ತಿದರೆ ಗಾಳಿಗೆ ಅದು ಒಣಗುತ್ತಾ ಹೋದಂತೆ ಮೈ ಮಣ್ಣಿನ ಗಡಿಗೆಯ ಹಾಗೆ ತಣ್ಣಗಾಗುತ್ತದೆ. ಕೋಲ್ಕತ್ತದ ಬಿಸಿಲಿಗೆ ಅಂಥ ನಿಯತ್ತಿಲ್ಲ. ಬೆವರು ಬರುತ್ತದೆ, ಹೋಗುವುದಿಲ್ಲ, ನೆಂಟರ ಹಾಗೆ ಮೈಮೇಲೇ ಕೂತಿರುತ್ತದೆ.

ಅಂಗಡಿ ಇಕ್ಕಟ್ಟಾದ ಮೆಟ್ಟಿಲು ಹತ್ತಿದ ಮೇಲೆ ಮೊದಲ ಮಹಡಿಯಲ್ಲಿತ್ತು. ಒಂದು ಗೋಡೆಗೆ ಹೆಲ್ಮೆಟ್ಟುಗಳು, ಇನ್ನೊಂದಕ್ಕೆ ಜಾಕೆಟ್ಟುಗಳು, ರಸ್ತೆಯ ಕಡೆಗೊಂದು ಕಿಟಕಿ, ಜೋರಾದ ಎಸಿ. ಮಾಲೀಕರು ಐವತ್ತು ದಾಟಿದ ಬಂಗಾಳಿ. ಹೆಂಡತಿಯನ್ನು "ಬೌದಿ" ಎಂದು ಕರೆದರು. ಬೌದಿ ಎಂದರೆ ಅತ್ತಿಗೆ, ಮದುವೆಯಾದ ಹೆಂಗಸರೆಲ್ಲ ಇಲ್ಲಿನ ಅಂಗಡಿಯವರಿಗೆ ಅತ್ತಿಗೆಯೇ. ಅವರು ಹಿಂದಿಯಲ್ಲಿ ಒಂದೊಂದನ್ನೇ ವಿವರಿಸಿದರು. ಇದು ದಪ್ಪ ಬಟ್ಟೆಯದು, ಗಾಳಿ ಒಳಗೆ ಬರಲು ಎದೆಯ ಮೇಲೆ ಜಿಪ್ಪುಗಳಿವೆ. ಇದು ಜಾಲರಿಯದು, ಮೈಯೆಲ್ಲ ಸೊಳ್ಳೆಪರದೆಯ ಹಾಗೆ ತೂತು, ಭುಜ ಮತ್ತು ಮೊಣಕೈ ಹತ್ತಿರ ಮಾತ್ರ ಗಟ್ಟಿ ಬಟ್ಟೆ, ಒಳಗೆ ಪ್ಯಾಡು.

ಹೆಂಡತಿ ದಪ್ಪನೆಯದನ್ನು ಹಾಕಿಕೊಂಡು ಕನ್ನಡಿ ನೋಡಿದಳು. ಚೆನ್ನಾಗಿದೆ ಎಂದೆ. "ಎಸಿಯೊಳಗ ಎಲ್ಲಾ ಛಲೋನ ಇರ್ತಾವ," ಎಂದು ನನಗೆ ಹೇಳಿ, ಮಾಲೀಕರ ಕಡೆ ತಿರುಗಿ, ಇದನ್ನು ಹಾಕಿಕೊಂಡು ಕೆಳಗೆ ಹೋಗಿ ಬಿಸಿಲಲ್ಲಿ ನಿಂತು ಬರಬಹುದೇ ಎಂದು ಕೇಳಿದಳು. ಅವರು ಒಂದು ಕ್ಷಣ ಯೋಚಿಸಿ, "ಹೋಗಿ ಬನ್ನಿ ಬೌದಿ, ದಾದಾ ಇಲ್ಲೇ ಇರಲಿ," ಎಂದರು. ಹೀಗೆ ದಾದಾ, ಅಂದರೆ ಅಣ್ಣ, ಆದ ನನ್ನನ್ನು ಒತ್ತೆಯಿಟ್ಟು ಅವಳು ಇಳಿದು ಹೋದಳು.

ನಾನು ಕಿಟಕಿಯಿಂದ ನೋಡಿದೆ. ಫುಟ್‌ಪಾತಿನ ಮೇಲೆ ಚಪ್ಪಲಿ, ಬೆಲ್ಟು ಮಾರುವವರ ನಡುವೆ ಅವಳು ಕರಿ ಜಾಕೆಟ್ ಹಾಕಿ, ಕತ್ತಿನವರೆಗೆ ಜಿಪ್ಪು ಎಳೆದು, ಸುಮ್ಮನೆ ನಿಂತಿದ್ದಳು. ಜನ ತಿರುಗಿ ತಿರುಗಿ ನೋಡಿ ಹೋಗುತ್ತಿದ್ದರು. ನನಗೆ ನಾಚಿಕೆಯಾಗಬೇಕಿತ್ತು, ಇಲ್ಲವೇ ನಗು ಬರಬೇಕಿತ್ತು. ಎರಡೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಜಿಪ್ಪು ಇಳಿಸಿ ಮೇಲೆ ಬಂದಳು.

"ಇದು ಆಗೂದಿಲ್ಲ. ತಗದು ಚೀಲದೊಳಗ ಇಡಬೇಕನಸ್ತದ. ತಗದಿಡೋ ಜಾಕೆಟ್ ಯಾಕ ಬೇಕು?"

ಮುಂದಿನ ಸರದಿ ಜಾಲರಿಯದು. ಈ ಸಲ ಅವಳು ಊರಿನ ಬುದ್ಧಿ ಉಪಯೋಗಿಸಿದಳು. ಬಾಟಲಿಯ ನೀರಿನಿಂದ ದುಪಟ್ಟಾ ನೆನೆಸಿ ಕುತ್ತಿಗೆಗೂ ಎದೆಗೂ ಸುತ್ತಿಕೊಂಡು, ಮೇಲೆ ಜಾಕೆಟ್ ತೊಟ್ಟಳು. ಮಾಲೀಕರ ನೆಲವೆಲ್ಲ ನೀರು. ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ಈ ಊರಿನಲ್ಲಿ ಅದು ನಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಕಳೆದ ಕೆಲವು ತಿಂಗಳು ಆಫೀಸಿನ ಕಂಪ್ಯೂಟರಿನಲ್ಲಿ ಇಂಥ ಜಾಕೆಟ್ಟುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ, ಯಾಕೆಂದು ನನ್ನನ್ನು ಕೇಳಬೇಡಿ. ಗಾಳಿಯೇ ಒದ್ದೆಯಿದ್ದರೆ ಬಟ್ಟೆಯ ನೀರು ಆರುವುದಿಲ್ಲ. ಗೊತ್ತಿದ್ದೂ ಹೇಳಲಿಲ್ಲ. ಬಾಯಿ ತೆರೆಯುವುದೇ ದೊಡ್ಡ ಕೆಲಸವೆನಿಸಿತು.

ಅವಳು ಹಿಂದಿರುಗಿ ಬಂದಾಗ ದುಪಟ್ಟಾ ಹೋದಾಗಿನಷ್ಟೇ ಒದ್ದೆಯಾಗಿತ್ತು. "ಒಣಗವಲ್ದು," ಎಂದಳು. ಅದನ್ನು ಬಿಚ್ಚಿ ಹಿಂಡಿ, ಬರೀ ಕುರ್ತಾದ ಮೇಲೆ ಜಾಕೆಟ್ ಹಾಕಿಕೊಂಡು ಮೂರನೆಯ ಸಲ ಇಳಿದಳು. ಈ ಬಾರಿ ಬಹಳ ಹೊತ್ತು ನಿಂತಳು. ಬಸ್ಸೊಂದು ಪಕ್ಕದಲ್ಲೇ ಹಾದು ಹೋದಾಗ ಅದರ ಗಾಳಿಗೆ ತೋಳುಗಳನ್ನು ಅಗಲಿಸಿದಳು. ಮೇಲೆ ಬಂದಾಗ ಮುಖ ಕೆಂಪಾಗಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು, ಆದರೆ ಜಿಪ್ಪು ಕತ್ತಿನವರೆಗೆ ಹಾಗೇ ಇತ್ತು.

"ಸೆಕಿ ಆಗ್ತದ. ಆದ್ರ ತಗೀಬೇಕು ಅನಸಲಿಲ್ಲ," ಎಂದಳು. "ಇಲ್ಲಿ ಹಿಡದು ನೋಡ್ರಿ. ಪ್ಯಾಡ್ ಸರೀತದೇನು."

ಎಡ ಭುಜವನ್ನು ನನ್ನ ಕಡೆ ತಿರುಗಿಸಿದಳು. ಆ ಭುಜವನ್ನು ನಾನು ಬಿದ್ದ ದಿನದಿಂದ ಮುಟ್ಟಿರಲಿಲ್ಲ. ಅವಳೂ ಮುಟ್ಟು ಎಂದಿರಲಿಲ್ಲ. ಬಟ್ಟೆಯ ಮೇಲಿಂದ ಹಿಡಿದು ಎಳೆದೆ. ಪ್ಯಾಡು ಜಾರಿ ಹಿಂದಕ್ಕೆ ಹೋಯಿತು, ಗಾಯದ ಜಾಗ ಬರಿದಾಯಿತು. "ಸರೀತದ," ಎಂದೆ. ಮಾಲೀಕರು ಒಂದು ಅಳತೆ ಚಿಕ್ಕದನ್ನು ಕೊಟ್ಟರು. ಮತ್ತೆ ಎಳೆದೆ. ಈ ಸಲ ಅದು ಅಲ್ಲೇ ನಿಂತಿತು. ನಾನು ಇನ್ನೂ ಹಿಡಿದೇ ಇದ್ದೆ.

ಮಾಲೀಕರು ಅಳತೆಯ ಬಗ್ಗೆ ಇನ್ನೊಂದು ಮಾತು ಕೇಳಿದರು. ಹಿಂದೆ ಕೂರುವವರಿಗಾದರೆ ಇದು ಸರಿ, ಓಡಿಸುವವರಿಗಾದರೆ ಕೈ ಮುಂದೆ ಚಾಚಿದಾಗ ತೋಳು ಗಿಡ್ಡವಾಗುತ್ತದೆಯೇ ನೋಡಬೇಕು. ಗಾಡಿ ಓಡಿಸುವವರು ಯಾರು?

"ಯಾರೂ ಇಲ್ಲ, ನಾಳೆ ಮಾರ್ತಿದ್ದೀವಿ," ಎಂದು ಹಿಂದಿಯಲ್ಲಿ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, "ನಾನು," ಎಂದಳು. ಎಂದವಳೇ ಇಲ್ಲದ ಹ್ಯಾಂಡಲ್ಲನ್ನು ಹಿಡಿದ ಹಾಗೆ ಎರಡೂ ಕೈ ಚಾಚಿ ಮುಂದಕ್ಕೆ ಬಾಗಿದಳು. ತೋಳು ಮಣಿಕಟ್ಟಿನವರೆಗೂ ಬಂತು.

"ನೀ ಏನ್ ಹೊಡೀತಿ?" ಎಂದೆ.

"ಯಾಕ, ಸಿಂಧನೂರಾಗ ಅಣ್ಣನ ಗಾಡಿ ಹೊಡದು ಕಾಲೇಜಿಗೆ ಹೋಗಿಲ್ಲೇನು? ಲೈಸೆನ್ಸ್ ಅದ. ಮದ್ವಿ ಆದಮ್ಯಾಲ ನೀವು ಹೊಡೀಲಿಕತ್ರಿ, ನಾ ಹಿಂದ ಕೂತೆ, ಅಷ್ಟ." ಕೈ ಇಳಿಸಿ ನನ್ನ ಕಡೆ ನೋಡಿದಳು. "ಮ್ಯಾಲಿನವ್ರಿಗೆ ಫೋನ್ ಮಾಡಿ ಗಾಡಿ ಕೊಡೂದಿಲ್ಲ ಅಂತ ಹೇಳ್ರಿ. ನೀವು ಬರೂದಿದ್ರ ಹಿಂದ ಕೂಡ್ರಿ. ಇಲ್ಲಾಂದ್ರ ನಾ ಒಬ್ಬಾಕಿನ ಹೋಗ್ತೀನಿ."

ಆಗ ನನಗೆ ಭಯವಾಯಿತು. ಅವಳು ಒಬ್ಬಳೇ ಆ ರಸ್ತೆಯಲ್ಲಿ, ಸಾಲಾಗಿ ನಿಂತ ಹಳದಿ ಟ್ಯಾಕ್ಸಿಗಳು, ಎಲ್ಲಕ್ಕೂ ಬಾಗಿಲು. ಬೂಟು ಹಾಕಿ ನೋಡಲೆಂದು ಇಟ್ಟಿದ್ದ ಸ್ಟೂಲಿನ ಮೇಲೆ ಕೂತೆ. ಬಿದ್ದ ದಿನವೂ ನನಗೆ ಹೀಗಾಗಿರಲಿಲ್ಲ. ಬಿಸಿಲಿನ ಪೆಟ್ಟು ಎಂದುಕೊಂಡ ಮಾಲೀಕರು ನೀರು ತಂದುಕೊಟ್ಟರು, ನಾನು ಬಿಸಿಲಲ್ಲಿ ನಿಂತೇ ಇರಲಿಲ್ಲ. ಕುಡಿದೆ.

ಲೋಟ ಹಿಂದಕ್ಕೆ ಕೊಡುತ್ತಾ, "ನನ್ನ ಅಳತೆಯದು ಒಂದು ಕೊಡಿ. ಹಿಂದೆ ಕೂರುವವರದು," ಎಂದೆ.

ಅವರು ತಂದುಕೊಟ್ಟರು. ಎದ್ದು ನಿಂತು ಹಾಕಿಕೊಳ್ಳಲು ನೋಡಿದೆ. ಕೈ ತೋಳಿನೊಳಗೆ ತೂರುತ್ತಲೇ ಇರಲಿಲ್ಲ. ಹೆಂಡತಿ ಹತ್ತಿರ ಬಂದು ಜಾಕೆಟ್ಟಿನ ತೋಳನ್ನು ಅಗಲಿಸಿ ಹಿಡಿದಳು.

"ಹೆದರಿಕಿ ಆಗ್ಲಿಕತ್ತದ," ಎಂದೆ.

"ನಂಗ ಒಂದು ವರ್ಷದಿಂದ ಆಗ್ಲಿಕತ್ತದ," ಎಂದಳು.