ಮುಂದೆ ನಡೆಯುವವನು ಆರಿಸುವ ಗುಂಡು

ಕತ್ತಲು ಇನ್ನೂ ಪೂರ್ತಿ ಹರಿದಿಲ್ಲ. ಅಡುಗೆಯ ಬೆಂಕಿಯ ಮೇಲೆ ಚಹಾ ಕುದಿಯುತ್ತಿದೆ. ಡೋಟೊ ಶಿಗೆಲಾ ಜೀಪಿನ ಬಾನೆಟ್ ಮೇಲೆ ಹೆಂಡತಿಯ ಹಳೆಯ ಖಂಗಾ ಬಟ್ಟೆಯನ್ನು ಹಾಸಿಕೊಂಡು ಬಂದೂಕಿನ ಹೊಟ್ಟೆ ಬರಿದು ಮಾಡುತ್ತಿದ್ದಾರೆ. ಒಂದೊಂದೇ ತೋಟಾ ಬಟ್ಟೆಯ ಮೇಲೆ ಉರುಳುತ್ತದೆ. ಪ್ರತಿಯೊಂದನ್ನೂ ಎರಡು ಬೆರಳಲ್ಲಿ ಎತ್ತಿ ಬೆಂಕಿಯ ಕಡೆ ಹಿಡಿದು ಅದರ ಮೂತಿ ನೋಡುತ್ತಾರೆ, ಉಗುರಿನಿಂದ ಸವರುತ್ತಾರೆ, ಮೂರು ಗುಂಪು ಮಾಡುತ್ತಾರೆ. ಮೂರನೆಯ ಗುಂಪಿನ ತೋಟಾಗಳ ಹಿತ್ತಾಳೆಗೆ ಕೆಂಪು ಉಗುರುಬಣ್ಣದ ಗೆರೆ ಎಳೆಯುತ್ತಾರೆ. ಬಣ್ಣವೂ ಹೆಂಡತಿಯದೇ.

“ಇದು ಜಿಂಕೆಗೆ,” ಎಂದು ಕೆಂಪು ಗೆರೆಯದನ್ನು ತೋರಿಸುತ್ತಾರೆ. “ಇದು ಕೋಣ ಅಡ್ಡ ನಿಂತಾಗ. ಇದು ಕೋಣ ಬೆನ್ನು ತಿರುಗಿಸಿದ ಮೇಲೆ, ಇಲ್ಲಾ ನಮ್ಮ ಮೇಲೇ ಬಂದಾಗ. ಮೂರೂ ಒಂದೇ ಬಂದೂಕಿಗೆ ಹಿಡಿಸುತ್ತೆ. ಅದೇ ನೋಡಿ ಕರ್ಮ.”

ಟಬೋರಾ ಪಟ್ಟಣದಿಂದ ದಕ್ಷಿಣಕ್ಕೆ, ಮಿಯೊಂಬೊ ಮರಗಳ ಕಾಡಿನೊಳಗೆ ಈ ಬೇಟೆ ಶಿಬಿರವಿದೆ. ದೂರದೂರದಿಂದ ಕಾಡೆಮ್ಮೆ ಹೊಡೆಯಲು ಜನ ಇಲ್ಲಿಗೆ ಬರುತ್ತಾರೆ. ಅವರನ್ನು ಅತಿಥಿಗಳು ಎನ್ನುತ್ತಾರೆ. ಡೋಟೊ ಇಲ್ಲಿ ಜಾಡುಗಾರ. ಅಂದರೆ ಹೆಜ್ಜೆ ನೋಡಿಕೊಂಡು ಎಲ್ಲರಿಗಿಂತ ಮುಂದೆ ನಡೆಯುವವರು. ಕೈಯಲ್ಲಿ ಒಂದು ಕೋಲು, ಸೊಂಟದಲ್ಲಿ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಲು ಬೂದಿಯ ಪುಟ್ಟ ಚೀಲ. ಅಷ್ಟೆ. ಬಂದೂಕುಗಳೆಲ್ಲ ಅವರ ಬೆನ್ನ ಹಿಂದೆ ಬರುತ್ತವೆ. ಗುಂಡು ಆರಿಸುವುದು ಅವರ ಕೆಲಸವಲ್ಲ. ಯಾರೂ ಹೇಳಿಲ್ಲ, ಸಂಬಳವಿಲ್ಲ. ಈ ಹಂಗಾಮಿನಲ್ಲಿ ಶಿಬಿರ ನಡೆಸುವ ಕಂಪನಿಯವರು ಅದನ್ನು ಮಾಡಬೇಡ ಎಂದೇ ಕಟ್ಟಪ್ಪಣೆ ಮಾಡಿದ್ದಾರೆ.

ಪತ್ರಿಕೆಗೆ ಬರೆಯಲು ಇಲ್ಲಿಗೆ ಬಂದ ನನಗೆ ಈ ಅಪ್ಪಣೆ ಕೇಳಿದಾಗಿನಿಂದ ಮೈ ಉರಿಯುತ್ತಿದೆ. ಯಾಕೆ ಎಂದು ಹೇಳಬೇಕಾದರೆ ಕುಲ್ವಾನ ವಿಷಯ ಹೇಳಬೇಕು.

ಕುಲ್ವಾ ಡೋಟೊ ಅವರ ಅವಳಿ ಅಣ್ಣ. ಇಬ್ಬರೂ ಇದೇ ಕಾಡಲ್ಲಿ ಜೇನು ಕೀಳುತ್ತ ಬೆಳೆದವರು, ಇಬ್ಬರೂ ಜಾಡುಗಾರರು. ಒಂದು ಸಂಜೆ ಶಿಬಿರದ ಅಡುಗೆಗೆ ಮಾಂಸ ಬೇಕಾಯಿತು. ಅತಿಥಿಯೊಬ್ಬರು ಇಂಪಾಲ ಜಿಂಕೆ ಹೊಡೆದರು. ಅದಕ್ಕೆ ಹಗುರ ಗುಂಡು ಸಾಕು, ಸರಿಯೇ. ಆದರೆ ಉಳಿದ ಗುಂಡುಗಳನ್ನು ಬಂದೂಕಿನಿಂದ ಯಾರೂ ತೆಗೆಯಲಿಲ್ಲ. ಮಾಂಸ ಸುಟ್ಟರು, ತಿಂದರು, ಮಲಗಿದರು. ಮಾರನೆಯ ಬೆಳಿಗ್ಗೆ ಅದೇ ಬಂದೂಕು ಕೋಣದ ಮುಂದೆ ನಿಂತಿತು. ಹಗುರ ಗುಂಡು ಹೆಗಲಿನ ಎಲುಬಿಗೆ ಬಡಿದು ಪುಡಿಯಾಯಿತು. ಕೋಣ ಪೊದೆ ಹೊಕ್ಕಿತು. ನೆಲ ನೋಡುತ್ತ ಮುಂದೆ ನಡೆಯುತ್ತಿದ್ದ ಕುಲ್ವಾನ ಮೇಲೆ ಪೊದೆಯೊಳಗಿಂದಲೇ ಬಂತು.

“ಆಮೇಲೆ ಕೋಣದ ಚರ್ಮ ಸುಲಿಯೋವಾಗ ನಾನೇ ಕೈ ಹಾಕಿ ನೋಡ್ದೆ,” ಎನ್ನುತ್ತಾರೆ ಡೋಟೊ. “ಹೆಗಲಲ್ಲಿ ಗುಂಡೇ ಇಲ್ಲ. ಅಕ್ಕಿ ನುಚ್ಚಿನ ಥರ ತಗಡಿನ ಚೂರು. ಒಳಗೆ ಹೃದಯಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹೊಡೆದೋರಿಗೆ ಗುರಿ ತಪ್ಪಿರಲಿಲ್ಲ ಅಣ್ಣ. ಗುರಿ ಸರಿಯಾಗೇ ಇತ್ತು.”

ಜಾಡುಗಾರನ ಅಜಾಗರೂಕತೆ ಎಂದು ಕಂಪನಿಯವರು ಷರಾ ಬರೆದು ಕೈ ತೊಳೆದುಕೊಂಡರು. ಸತ್ತವನಿಗೆ ಅಜಾಗರೂಕತೆ, ಕೊಂದ ಗುಂಡಿಗೆ ಹೆಸರೇ ಇಲ್ಲ.

ಅಂದಿನಿಂದ ಡೋಟೊ ಪ್ರತಿ ಬೆಳಿಗ್ಗೆ ಬಂದೂಕು ಬರಿದು ಮಾಡುತ್ತಾರೆ. ಅವರ ಕ್ರಮ ಸರಳ. ಗುಂಪಿನಲ್ಲಿರುವ ಕೋಣಕ್ಕೆ ಮೊದಲ ಏಟು ಭಾರದ, ಮೆತ್ತನೆ ಮೂತಿಯ ಗುಂಡಿನಿಂದ. ಅದು ಒಳಹೊಕ್ಕು ಅರಳಿ ಅಲ್ಲೇ ನಿಲ್ಲುತ್ತದೆ, ಹಿಂದೆ ನಿಂತ ಎಮ್ಮೆಗೆ ತಗಲುವುದಿಲ್ಲ. ಅದರ ಕೆಳಗೆ ಉಳಿದವೆಲ್ಲ ಗಟ್ಟಿ ಗುಂಡು. ಗಾಯಗೊಂಡ ಕೋಣ ಪಕ್ಕೆ ತೋರಿಸಿಕೊಂಡು ನಿಲ್ಲುವುದಿಲ್ಲ. ಓಡುವಾಗ ಪೃಷ್ಠ ತೋರಿಸುತ್ತದೆ, ಬರುವಾಗ ತಲೆ. ಆಗ ಉದ್ದಕ್ಕೂ ಇಳಿಯುವುದು ಗಟ್ಟಿ ಗುಂಡು ಮಾತ್ರ. ಇದು ಗುಟ್ಟಿನ ವಿದ್ಯೆಯೇನಲ್ಲ, ಶಿಬಿರದ ಬೇಟೆಗಾರ ಗಾಸ್ಪರ್ ಅವರಿಗೂ ಚೆನ್ನಾಗಿ ಗೊತ್ತು. ಗೊತ್ತಿರುವುದು ಬೇರೆ, ಅತಿಥಿಯ ಕೈಯಿಂದ ಗುಂಡು ಕಿತ್ತುಕೊಳ್ಳುವುದು ಬೇರೆ. ಅತಿಥಿಗೆ ಮುಖಭಂಗವಾದರೆ ಮುಂದಿನ ವರ್ಷ ಅವನು ಬರುವುದಿಲ್ಲ. ಜಾಡುಗಾರ ಸತ್ತರೆ ಇನ್ನೊಬ್ಬ ಸಿಗುತ್ತಾನೆ.

ಇವತ್ತಿನ ಅತಿಥಿಯ ಹೆಸರು ಲೊರೆಂಝ್. ಡೇರೆಯಿಂದ ಹೊರಬಂದವರು ಬಾನೆಟ್ ಮೇಲೆ ಹರಡಿದ ತಮ್ಮ ತೋಟಾಗಳನ್ನು ನೋಡುತ್ತಾರೆ. ಕೆಂಪು ಗೆರೆ ನೋಡಿ ಮುಖ ಬಿಗಿಯುತ್ತದೆ. ಕೆಂಪು ಗೆರೆಯವನ್ನೇ ಆರಿಸಿ ಬಂದೂಕಿಗೆ ತುಂಬುತ್ತಾರೆ. ಅವು ವೇಗದ ಗುಂಡುಗಳಂತೆ, ತುಂಬಾ ದುಬಾರಿಯಂತೆ, ತಮ್ಮ ಬಂದೂಕಿಗೆ ತಾವೇ ತುಂಬುವುದು ತಮ್ಮ ಪದ್ಧತಿಯಂತೆ.

ಡೋಟೊ ಬಟ್ಟೆ ಮಡಚಿ, ಜೀಪಿನ ಮಗ್ಗುಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಗಾಸ್ಪರ್ ಹತ್ತಿರ ಬಂದು ಬಗ್ಗುತ್ತಾರೆ.

“ಮ್ಜೇ, ಹಿರೀಕರು ನೀವು, ಇವತ್ತೊಂದಿನ ಬಿಟ್ಬಿಡಿ. ಅತಿಥಿಗಳ ಗುಂಡು ಮುಟ್ಟಬಾರದು ಅಂತ ಮ್ಯಾನೇಜರು ರೇಡಿಯೊದಲ್ಲಿ ನಿನ್ನೇನೂ ಹೇಳಿದ್ರು.”

“ಮುಟ್ಟಲ್ಲ ಬ್ವಾನಾ. ಕೈ ಕಟ್ಕೊಂಡು ಕೂತಿದೀನಿ ನೋಡಿ.”

“ನೀವು ಕೂತ್ರೆ ಜಾಡು ಹಿಡಿಯೋರು ಯಾರು?”

“ಗುಂಡು ಯಾರು ಆರಿಸಿದ್ರೋ ಅವ್ರೇ ಹಿಡೀಲಿ. ಮುಂದೆ ನಡೀಲಿ. ಬಂದೂಕು ನನ್ನ ಹೆಗಲಿಗೆ ಕೊಡಿ, ನಾನು ಹಿಂದಿಂದ ಬರ್ತೀನಿ. ಬಿಸಿಲಾದ್ರೆ ಅವ್ರ ಟೋಪಿನೂ ಹಿಡ್ಕೊತೀನಿ.”

ಎರಡನೆಯ ಜಾಡುಗಾರ ಮಶಾಕಾ ಚಹಾದ ಮಗ್ಗಿನೊಳಗೆ ನಗುತ್ತಾನೆ. “ನೀನಾದ್ರೂ ಏಳೋ,” ಎನ್ನುತ್ತಾರೆ ಗಾಸ್ಪರ್. “ನಂಗೆ ಕಾಲು ಜೋಮು ಹಿಡಿದಿದೆ ಬ್ವಾನಾ,” ಎಂದು ಅವನೂ ಡೋಟೊ ಪಕ್ಕ ಹೋಗಿ ಕೂರುತ್ತಾನೆ.

ಗಾಸ್ಪರ್ ಕೆಟ್ಟ ಮನುಷ್ಯರಲ್ಲ. ಎರಡೂ ಕಡೆ ನೋಡಿ ನಿಟ್ಟುಸಿರು ಬಿಟ್ಟು, ಡೋಟೊ ಹೇಳಿದ್ದನ್ನು ಅತಿಥಿಯ ಭಾಷೆಯಲ್ಲಿ ಒಂದಕ್ಷರ ಬಿಡದೆ ಹೇಳುತ್ತಾರೆ. ಲೊರೆಂಝ್ ಮೊದಲು ಕೆಂಪಾಗುತ್ತಾರೆ. ಆಮೇಲೆ ನೀರಿನ ಹಳ್ಳದ ಆಚೆಯ ಪೊದೆಗಳ ಕಡೆ ತುಸು ಹೊತ್ತು ನೋಡುತ್ತಾರೆ. ಆಮೇಲೆ ಬಂದೂಕು ಬರಿದು ಮಾಡುತ್ತಾರೆ. ಅವರಿಗೆ ಗುಂಡಿನ ವಿಷಯದಲ್ಲಿ ಜ್ಞಾನೋದಯವೇನೂ ಆಗಿಲ್ಲ. ಮುಂದೆ ನಡೆಯುವ ಮನಸ್ಸು ಬರಲಿಲ್ಲ, ಅಷ್ಟೆ. ಡೋಟೊ ಎದ್ದು ಬಂದು ತಮ್ಮ ಕ್ರಮದಲ್ಲಿ ತುಂಬುತ್ತಾರೆ. ಮೇಲೆ ಮೆತ್ತನೆಯದು, ಕೆಳಗೆ ಗಟ್ಟಿ.

ಬಿಸಿಲು ಏರುವ ಹೊತ್ತಿಗೆ ಕಾಡೆಮ್ಮೆಗಳ ಗುಂಪು ಸಿಗುತ್ತದೆ. ಲೊರೆಂಝ್ ಅವರ ಮೊದಲ ಏಟು ಹೆಗಲಿನಿಂದ ಒಂದು ಗೇಣು ಹಿಂದಕ್ಕೆ ಬೀಳುತ್ತದೆ. ಧೂಳಿನಲ್ಲಿ ಗುಂಪು ಒಂದು ಕಡೆ, ಗಾಯದ ಕೋಣ ಇನ್ನೊಂದು ಕಡೆ. ಅದು ಹೊಕ್ಕಿದ್ದು ಹಳ್ಳದ ಪಕ್ಕದ ಮುಳ್ಳುಪೊದೆಗೆ. ಈಗ ಕೋಲು ಹಿಡಿದ ಡೋಟೊ ಮುಂದೆ, ಅವರ ಹಿಂದೆ ಗಾಸ್ಪರ್, ಅವರ ಪಕ್ಕಕ್ಕೆ ಅತಿಥಿ. ನಾನು ಮತ್ತು ಮಶಾಕಾ ಹುತ್ತದ ಬಳಿ. ಡೋಟೊ ಬೂದಿ ಉದುರಿಸುತ್ತಾರೆ. ಒಂದು ಎಲೆ ಮುಟ್ಟಿ ರಕ್ತ ನೋಡುತ್ತಾರೆ. ಎರಡು ಹೆಜ್ಜೆ. ಮತ್ತೆ ನಿಲ್ಲುತ್ತಾರೆ.

ಪೊದೆ ಒಡೆದು ಕೋಣ ಬರುತ್ತದೆ. ಡೋಟೊ ಬೋರಲು ಬೀಳುತ್ತಾರೆ, ಹಿಂದಿನವರಿಗೆ ದಾರಿ ಬಿಡಲು. ಗಾಸ್ಪರ್ ಅವರ ಏಟು ಕೊಂಬಿಗೆ ತಗಲಿ ಕೋಣ ಒಂದು ಕ್ಷಣ ಮುಗ್ಗರಿಸುತ್ತದೆ. ಆ ಕ್ಷಣದಲ್ಲಿ ಲೊರೆಂಝ್ ಹೊಡೆಯುತ್ತಾರೆ, ಎದುರಿನಿಂದ, ಎದೆಗೆ. ಕೋಣ ಮೊಣಕಾಲೂರಿ ಬೀಳುತ್ತದೆ. ಅದರ ಬಾಯಿಯ ನೊರೆ ಡೋಟೊ ಅವರ ಅಂಗಿಯ ಮೇಲೆ ಸಿಡಿದಿದೆ.

ಚರ್ಮ ಸುಲಿಯುವಾಗ ಡೋಟೊ ಮೊಳಕೈವರೆಗೂ ಒಳಗೆ ಕೈ ಹಾಕಿ ಹುಡುಕುತ್ತಾರೆ. ಗಟ್ಟಿ ಗುಂಡು ಎದೆ ಹೊಕ್ಕು, ಹೊಟ್ಟೆ ದಾಟಿ, ಹಿಂಗಾಲಿನ ಹತ್ತಿರ ನಿಂತಿದೆ. ರೂಪ ಕೆಟ್ಟಿಲ್ಲ. ಅದನ್ನು ಹುಲ್ಲಿನಲ್ಲಿ ಒರೆಸಿ ಲೊರೆಂಝ್ ಅವರಿಗೆ ಕೊಡುತ್ತಾರೆ. ಅವರು ನೆನಪಿಗೆಂದು ಜೇಬಿಗೆ ಹಾಕಿಕೊಂಡು ಗಾಸ್ಪರ್ ಅವರನ್ನು ತಬ್ಬಿಕೊಳ್ಳುತ್ತಾರೆ.

ಅಲ್ಲಿಗೆ ಎಲ್ಲ ಸುಖಾಂತ್ಯ ಎಂದುಕೊಂಡೆ ನಾನು. ಸಂಜೆ ಶಿಬಿರದ ರೇಡಿಯೊ ಗರಗರ ಎನ್ನುತ್ತದೆ. ಅತಿಥಿಗೆ ಬೆಳಿಗ್ಗೆ ಅವಮಾನವಾಯಿತಂತೆ. ಕೋಣ ಸಿಕ್ಕ ಸಂತೋಷವೂ ಇದೆ, ಅವಮಾನವೂ ಇದೆ, ಎರಡನ್ನೂ ಮ್ಯಾನೇಜರಿಗೆ ವರದಿ ಮಾಡಿದ್ದಾರೆ. ಮ್ಯಾನೇಜರು ಹೇಳುವುದಿಷ್ಟು: ಇನ್ನೊಂದು ಸಲ ಡೋಟೊ ಗುಂಡು ಮುಟ್ಟಿದರೆ ಅಥವಾ ಕೂತರೆ, ಅವತ್ತೇ ಕೆಲಸದಿಂದ ಹೊರಗೆ. ಯಾವ ಶಿಬಿರದಲ್ಲೂ ಸೇರಿಸದ ಹಾಗೆ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಯಾರ ಜೀವ ಯಾವ ಗುಂಡಿನಿಂದ ಉಳಿಯಿತು ಎಂದು ಆ ಮನುಷ್ಯ ಕೇಳುವುದೂ ಇಲ್ಲ. ತಂಪು ಕೋಣೆಯಲ್ಲಿ ಕೂತವರಿಗೆ ಅವಮಾನ ಕೇಳಿಸುತ್ತದೆ, ಕೋಣದ ಉಸಿರು ಕೇಳಿಸುವುದಿಲ್ಲ. ಇಂಥವರ ಕೈಯಲ್ಲಿ ನಮ್ಮ ಜನರ ಅನ್ನವಿದೆಯಲ್ಲ.

ಮರುದಿನ ಡೋಟೊ ಅವರ ಮನೆಗೆ ಹೋಗುತ್ತೇನೆ. ಹೆಂಡತಿ ನ್ಯಾಂಜಾಲಾ ಉಗಾಲಿ ಮುದ್ದೆ ತಿರುವುತ್ತ, ಗಂಡನ ಮೇಲಿನ ಸಿಟ್ಟನ್ನೆಲ್ಲ ಸೌಟಿನ ಮೇಲೆ ತೀರಿಸುತ್ತಿದ್ದಾರೆ.

“ಊರವರ ಬಂದೂಕು ಕಟ್ಕೊಂಡು ಇವ್ರಿಗೇನಾಗ್ಬೇಕು ಹೇಳಿ. ಜೇನು ಪೆಟ್ಟಿಗೆ ಕಟ್ಟಿ ಅಂದೆ, ಕೇಳಲ್ಲ.”

“ನಾನು ಹೋದ್ರೆ ಮಶಾಕಾ ಮುಂದೆ ನಡೀತಾನೆ,” ಎನ್ನುತ್ತಾರೆ ಡೋಟೊ.

ನ್ಯಾಂಜಾಲಾ ಮುದ್ದೆ ಇಳಿಸಿ ಗಂಡನ ತಟ್ಟೆಗೆ ಹಾಕುತ್ತಾರೆ. “ಮಾಡಿ ಹಾಗಾದ್ರೆ. ಉಗುರಿಗೆ ಬಣ್ಣ ಇಲ್ದಿದ್ರೆ ನಾನೇನು ಸಾಯಲ್ಲ.”

ನಾಳೆ ಬೆಳಿಗ್ಗೆಯೂ ಬಂದೂಕು ಬರಿದು ಮಾಡುತ್ತೀರಾ ಎಂದು ಡೋಟೊ ಅವರನ್ನು ಕೇಳುತ್ತೇನೆ. ಪ್ರಶ್ನೆಯೇ ವಿಚಿತ್ರ ಎಂಬಂತೆ ನೋಡುತ್ತಾರೆ. “ಮುಂದೆ ನಡೆಯೋದು ನಾನಲ್ವಾ?”

ಏಳುವ ಮುನ್ನ ನನಗೆ ಅನಿಸಿದ್ದನ್ನು ಹೇಳುತ್ತೇನೆ. ಇದು ಪತ್ರಿಕೆಯಲ್ಲಿ ಬಂದರೆ ಕಂಪನಿಯವರ ಕಿವಿಗೆ ಬೀಳಬಹುದು, ಕೆಲಸ ಹೋಗಬಹುದು. ಬೇರೆ ಹೆಸರು ಹಾಕಿ ಬರೆಯುತ್ತೇನೆ, ಯಾವ ಹೆಸರು ಬೇಕಾದರೂ ಆದೀತು.

ಡೋಟೊ ಕೈ ತೊಳೆದು ಬಂದು ಎದುರು ಕೂರುತ್ತಾರೆ.

“ಬೇಡ. ನನ್ನ ಹೆಸರೇ ಹಾಕಿ. ನಮ್ಮಲ್ಲಿ ಅವಳಿ ಹುಟ್ಟಿದ್ರೆ ಮೊದಲನೇದು ಕುಲ್ವಾ, ಎರಡನೇದು ಡೋಟೊ. ಬೇರೆ ಹೆಸರು ಇಡೋ ಹಾಗೇ ಇಲ್ಲ. ಕಂಪನಿಯವ್ರು ಅವತ್ತು ಒಬ್ಬ ಜಾಡುಗಾರ ಸತ್ತ ಅಂತ ಬರೆದ್ರು, ಅಷ್ಟೆ, ಹೆಸರೂ ಹಾಕ್ಲಿಲ್ಲ. ನೀವು ಡೋಟೊ ಅಂತ ಬರೀರಿ ಅಣ್ಣ. ಈ ಸೀಮೇಲಿ ಯಾರು ಓದಿದ್ರೂ, ಕುಲ್ವಾ ಎಲ್ಲಿ ಅಂತ ಮೊದಲು ಕೇಳ್ತಾರೆ.”