ಬಾಟಲಿಯ ಹಸಿರು

ಲೋಳಸರದ ಜೆಲ್ ಮಾರಲು ಮಾಡಗ್ಯಾಳಕ್ಕೆ ಹೋಗಿದ್ದೆ. ಬೈಕಿನಿಂದ ಇಳಿಯುವಾಗ ಕಾಲು ಸೈಲೆನ್ಸರಿಗೆ ತಗುಲಿ ಸುಟ್ಟಿತು. ಕುರಿ ಕಾಯುತ್ತಿದ್ದ ಅಜ್ಜಿ ಓಡಿಬಂದು ತಣ್ಣೀರು ಸುರಿದು, ನನ್ನ ಚೀಲದ ಜೆಲ್ ಬಾಟಲಿ ತೋರಿಸಿದರು. “ನಿನ್ನ ಬಾಟ್ಲ್ಯಾಗಿಂದು ಹಚ್ಕೋ ತಮ್ಮಾ.” ಸುಟ್ಟದ್ದಕ್ಕೆ ಅದೇ ಮದ್ದೆಂದು ಊರೂರಲ್ಲಿ ಹೇಳಿದವನು ನಾನು, ಆದರೂ ಕೈ ಮುಂದಾಗಲಿಲ್ಲ.

ಅಜ್ಜಿ ಬಾಟಲಿಯನ್ನು ಬಿಸಿಲಿಗೆ ಹಿಡಿದರು. “ಇಷ್ಟ್ ಹಸರ ಹೆಂಗಾತೋ? ಒಳಗಿನ ಲೋಳಿ ನೀರಿನಂಗ ಇರತೈತಿ.” ಬೇಲಿಯ ಲೋಳಸರದ ಎಲೆಯೊಂದನ್ನು ಕೊಯ್ದು ನೆಟ್ಟಗೆ ನಿಲ್ಲಿಸಿದರು. “ತಡಿ, ಹಳದಿ ರಸ ಇಳೀಲಿ. ಅದು ತುರಸ್ತೈತಿ.” ಆಮೇಲೆ ತಿರುಳು ಹಚ್ಚಿದರು. ಉರಿ ಇಳಿಯಿತು.

ಕೃತಜ್ಞತೆಗೆ ಆ ಬಾಟಲಿಯನ್ನೇ ಕೊಟ್ಟೆ. ಅಲ್ಲೇ ಖಾಲಿ ಮಾಡಿ ತೊಳೆದರು. “ಮುಚ್ಚಳ ಭಾಳ ಚಲೋ ಐತಿ. ಕುರಿ ಔಷಧ ಇಡಾಕ ಬರತೈತಿ.”

ಮಾಡಗ್ಯಾಳದಲ್ಲಿ ಒಬ್ಬರಿಗೆ ಲೋಳಸರದಿಂದ ಪೂರ್ಣ ಗುಣವಾಯಿತೆಂದು ಕಂಪನಿಗೆ ವರದಿ ಬರೆದೆ. ಯಾರಿಗೆ, ಯಾವ ಲೋಳಸರದಿಂದ ಎಂದು ಅವರು ಕೇಳಲಿಲ್ಲ.